ಮತ್ತೆ ಹೊಲಿಗೆ ಮಷಿನ್ನೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹೊಲಿಗೆ ಮಷಿನ್ನಿನದು. ಹೋದ ವರ್ಷವೂ ಅದೇ ಕಥೆ. ದಸರಾ ಮುಗಿಯುತ್ತಿದ್ದ ಹಾಗೆ ಮೈಸೂರಿನ ಬಳಗಗಳಿಗೆ ಕಾಡಂಚಿನ ಆದಿವಾಸಿ ಹಾಡಿಗಳು ನೆನಪಾಗುತ್ತವೆ, ಹಾಡಿ ಅಂದ ಕೂಡಲೇ ಮಷಿನ್ ನೆನಪಾಗುತ್ತದೆ. ಮೊದಲು ಸಹಕಾರ ಸಂಘಗಳ ಲೆಕ್ಕ ನೋಡುತ್ತ, ಆಮೇಲೆ ಹುಣಸೂರು, ಎಚ್.ಡಿ. ಕೋಟೆ ಕಡೆಯ ಮಹಿಳಾ ಗುಂಪುಗಳ ಜತೆ ಓಡಾಡುತ್ತ ತಲೆ ನೆರೆಸಿಕೊಂಡವಳು ನಾನು. ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ, ಮಿಕ್ಕವಕ್ಕೆ ಚುಟುಕಾಗಿ. ಸ್ವಸಹಾಯ ಗುಂಪು ಅಂದರೇನು ಅಂತ ಇಲ್ಲಿ ಪಾಠ ಮಾಡುವುದಿಲ್ಲ. ನಿಮ್ಮ ಮನೆಗೆಲಸಕ್ಕೆ ಬರುವವರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ನಾಗರಹೊಳೆ ಕಾಡಿನಿಂದ ಹೊರಗೆ ಬಂದ ಕುಟುಂಬಗಳ ಪುನರ್ವಸತಿ ಹಾಡಿಯೊಂದಕ್ಕೆ ನಮ್ಮ ಬಳಗದಿಂದ 20 ಹೊಲಿಗೆ ಮಷಿನ್ ಕೊಟ್ಟು, ಮೂರು ತಿಂಗಳು ತರಬೇತಿ ಕೊಡಿಸಬೇಕೆಂದಿದ್ದೇವೆ. ಎರಡು ಲಕ್ಷ ರೂಪಾಯಿ ಕೂಡಿಸಿದ್ದೇವೆ. ಯಾವ ಕಂಪನಿಯ ಮಷಿನ್ ಒಳ್ಳೆಯದು? (ಓದುಗರು, ಕುವೆಂಪುನಗರ)

ಯಾವುದೂ ಬೇಡ.

ಸಿಟ್ಟಾಗಬೇಡಿ, ಲೆಕ್ಕ ಹಾಕೋಣ. ಆ ಹಾಡಿಯಲ್ಲಿ 60 ಮನೆ, 80 ಹೆಂಗಸರು ಅಂತಿಟ್ಟುಕೊಳ್ಳಿ. ವರ್ಷಕ್ಕೆ ತಲಾ ನಾಲ್ಕು ರವಿಕೆ ಅಂದರೂ 320 ಆಯಿತು. ಕೈ ಕುದುರಿದ ಒಬ್ಬಳು ದಿನಕ್ಕೆ ಮೂರು ಹೊಲಿದರೆ ನಾಲ್ಕು ತಿಂಗಳೊಳಗೆ ಇಡೀ ಹಾಡಿಯ ರವಿಕೆ ಮುಗಿಯಿತು. ಮಿಕ್ಕ 19 ಜನ ಯಾರಿಗೆ ಹೊಲಿಯಬೇಕು? ಗಾರ್ಮೆಂಟ್ಸ್‌ನಿಂದ ಜಾಬ್‌ವರ್ಕ್ ತರುತ್ತೇವೆ ಅನ್ನುತ್ತೀರಿ. ತುಳಿಯುವ ಮಷಿನ್ನಿಗೆ ಯಾರೂ ಜಾಬ್‌ವರ್ಕ್ ಕೊಡುವುದಿಲ್ಲ. ಪವರ್ ಮಷಿನ್ ಬೇಕು, ಓವರ್‌ಲಾಕ್ ಬೇಕು, ದಿನವಿಡೀ ಕರೆಂಟ್ ಬೇಕು, ಬಟ್ಟೆ ತರಲು ಒಯ್ಯಲು ಗಾಡಿ ಬೇಕು. ಹಾಡಿಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ವಿಚಾರಿಸಿದ್ದೀರಾ?

ಒಂದು ಹಾಡಿಯ ಸಮುದಾಯ ಭವನದಲ್ಲಿ ಇಂಥ ಎಂಟು ಮಷಿನ್ ನೋಡಿದ್ದೇನೆ. ಮೇಲೆ ನೀಲಿ ಟಾರ್ಪಾಲು, ಒಂದರ ಕೊರಳಲ್ಲಿ ಉದ್ಘಾಟನೆಯ ಟೇಪು ಹಾಗೇ ಇತ್ತು. ಬಾಬಿನ್‌ಗಳೆಲ್ಲ ಮಕ್ಕಳ ಆಟಕ್ಕೆ ಹೋಗಿದ್ದವು. ಗೋಡೆ ಬದಿಯ ಮಷಿನ್ನಿನ ಪೆಡಲ್ ಮೇಲೆ ಹುಲ್ಲು ಹಾಸಿಕೊಂಡು ಕೋಳಿಯೊಂದು ಕಾವಿಗೆ ಕೂತಿತ್ತು. ಆ ಎಂಟರಿಂದ ಆ ವರ್ಷ ಆದ ಉತ್ಪತ್ತಿ ಅಂದರೆ ಆ ಮರಿಗಳೇ ಇರಬೇಕು.

ನಾನೂ ಇದೇ ತಪ್ಪು ಮಾಡಿದವಳು. ಶುರುವಿನಲ್ಲಿ ಒಂದು ಗುಂಪಿಗೆ ಊದುಬತ್ತಿ ಹೊಸೆಯುವ ಕೆಲಸ ಹಚ್ಚಿದೆ. ಮೈಸೂರು ಅಂದರೆ ಊದುಬತ್ತಿ, ಕೊಳ್ಳುವವರಿಗೆ ಬರವೇ ಅಂದುಕೊಂಡೆ. ಆಷಾಢದ ಮಳೆ ಹಿಡಿಯಿತು ನೋಡಿ, ಬತ್ತಿ ಒಣಗಲೇ ಇಲ್ಲ. ಬೂಷ್ಟು ಹಿಡಿದ ಮಾಲನ್ನು ಕೊಳ್ಳುವವರು ವಾಪಸು ಕಳಿಸಿದರು, ಮಸಾಲೆಯ ಖರ್ಚು ಹೆಂಗಸರ ತಲೆಗೆ ಬಿತ್ತು. ಅವರನ್ನು ಒಂದು ಮಾತು ಕೇಳಿದ್ದರೆ, ಆ ತಿಂಗಳಲ್ಲಿ ಅಲ್ಲಿ ಸೌದೆಯೇ ಒಣಗುವುದಿಲ್ಲ ಅಂತ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ನೀವಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅವರು ಏನಂದರು ಅನ್ನುವುದು ಒಂದು ಸಾಲೂ ಇಲ್ಲ. ಈ ಜನ ಒಬ್ಬಿಬ್ಬರಲ್ಲ. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಕಾಡಿನಿಂದ ಹೊರಬಿದ್ದವರು 3,418 ಕುಟುಂಬ ಅಂತಿದೆ. ಇವರಲ್ಲಿ ಬಹಳ ಮಂದಿ ಬದುಕುತ್ತಿರುವುದು ಕೊಡಗಿನ ತೋಟದ ಕೂಲಿಯಲ್ಲಿ. ಬೆಳಗಾಗುವ ಹೊತ್ತಿಗೆ ಜೀಪು ಬರುತ್ತದೆ, ಕತ್ತಲಾದ ಮೇಲೆ ತಂದು ಇಳಿಸುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ವಾರಗಟ್ಟಲೆ ತೋಟದ ಲೈನ್‌ಮನೆಯಲ್ಲೇ ವಾಸ. ನೀವು ಬುಧವಾರ ಹನ್ನೊಂದು ಗಂಟೆಗೆ ತರಬೇತಿ ಇಟ್ಟರೆ ಬರುವವರು ಅಜ್ಜಿಯರು ಮತ್ತು ನಾಯಿಗಳು. ಆಮೇಲೆ ‘ಅವರಿಗೇ ಆಸಕ್ತಿ ಇಲ್ಲ’ ಅನ್ನುತ್ತೀರಿ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅವರನ್ನು ಕಟ್ಟಿ ಹಾಕಿರುವುದು ಕಸುಬಿನ ಕೊರತೆಯಲ್ಲ, ಅಡ್ವಾನ್ಸು. ಮಗುವಿಗೆ ಜ್ವರ ಬಂದರೆ, ಮನೆಯಲ್ಲಿ ಸಾವಾದರೆ, ರಾತ್ರೋರಾತ್ರಿ ದುಡ್ಡು ಕೊಡುವವನು ತೋಟದ ಮೇಸ್ತ್ರಿ ಒಬ್ಬನೇ. ಕೊಟ್ಟ ಮೇಲೆ ಕೂಲಿ ಎಷ್ಟು ಅಂತ ಹೇಳುವವನೂ ಅವನೇ, ಯಾವ ತೋಟಕ್ಕೆ ಅನ್ನುವವನೂ ಅವನೇ. ತೀರಿತು ಅನ್ನುವಷ್ಟರಲ್ಲಿ ಇನ್ನೊಂದು ಜ್ವರ. ಜಮೀನಿನದೂ ಇದೇ ಹಾಡು. ಪುನರ್ವಸತಿ ಭೂಮಿಗೆ ಎಷ್ಟೋ ಕಡೆ ಪಹಣಿ ಇನ್ನೂ ಅವರ ಹೆಸರಿಗೆ ಬಂದಿಲ್ಲ. ಪಹಣಿ ಇಲ್ಲದವರಿಗೆ ಬ್ಯಾಂಕು ಬೆಳೆಸಾಲ ಕೊಡುವುದಿಲ್ಲ. ಕೈಯಲ್ಲಿ ಕಾಸಿಲ್ಲದವರು ಶುಂಠಿ ಹಾಕುವವರಿಗೆ ಗುತ್ತಿಗೆಗೆ ಬಿಡುತ್ತಾರೆ, ತಮ್ಮದೇ ಹೊಲದಲ್ಲಿ ಕೂಲಿಗೆ ನಿಲ್ಲುತ್ತಾರೆ. ಶುಂಠಿ ಕಿತ್ತ ಮೇಲೆ ಆ ಮಣ್ಣನ್ನು ಒಮ್ಮೆ ಮುಟ್ಟಿ ನೋಡಿ.

ಅಂಥ ಕಡೆ ಹನ್ನೆರಡು ಹೆಂಗಸರ ಒಂದು ಗುಂಪು ಭಾನುವಾರ ಸಂಜೆ ಕೂರಲು ಶುರುಮಾಡಿತು. ವಾರಕ್ಕೆ ತಲಾ 20 ರೂಪಾಯಿ. ನಾನು ಆಗ ‘ಏನಾದರೂ ಕಸುಬು ಹಾಕಿಕೊಡಲೇ’ ಅಂದೆ. ಹಿರಿಯಳೊಬ್ಬಳು ಎಲೆಅಡಿಕೆ ಉಗಿದು ಬಂದು ಹೇಳಿದಳು: ‘ಕಸುಬು ಇರ್ಲಿ ಅಕ್ಕ, ಮೂರು ಬೀಗದ ಒಂದು ಪೆಟ್ಗೆ ತಂದ್ಕೊಡಿ.’ ಬೀಗ ಮೂರು, ಕೀಲಿ ಮೂರು ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯ ಮನೆಯಲ್ಲಿ. ವರ್ಷಕ್ಕೆ 12,480 ರೂಪಾಯಿ ಕೂಡಿತು. ಅವರ ಪುಸ್ತಕದಲ್ಲಿ ಮೊದಲ ವರ್ಷ ಹನ್ನೆರಡು ಸಾಲ: ಏಳು ಆಸ್ಪತ್ರೆಗೆ, ಎರಡು ಮೇಸ್ತ್ರಿಯ ಬಾಕಿ ತೀರಿಸಲು, ಒಂದು ಸೂರಿನ ಶೀಟಿಗೆ, ಒಂದು ರಾಗಿ ಬಿತ್ತನೆಗೆ, ಇನ್ನೊಂದು ಮೊಬೈಲ್ ರಿಪೇರಿಗೆ. ಇದನ್ನು ನೋಡಿದ ದಾನಿಯೊಬ್ಬರು ‘ಎಲ್ಲಾ ಖರ್ಚಿನ ಸಾಲವೇ, ಒಂದೂ ಆದಾಯದ್ದಲ್ಲ’ ಅಂತ ಮುಖ ಸಿಂಡರಿಸಿದರು. ಆಸ್ಪತ್ರೆಗೆ ಎರಡು ಸಾವಿರ ಗುಂಪಿನಿಂದ ಸಿಕ್ಕಿದವಳು ಆ ವರ್ಷ ಮೇಸ್ತ್ರಿಯ ಹತ್ತಿರ ಹೋಗಲಿಲ್ಲ, ಹೆಚ್ಚು ಕೂಲಿ ಕೊಡುವ ತೋಟಕ್ಕೆ ಹೋದಳು. ಇದು ಆದಾಯವಲ್ಲದೆ ಇನ್ನೇನು ಸ್ವಾಮಿ?

ನಿಮ್ಮ ಎರಡು ಲಕ್ಷಕ್ಕೆ ಬರುತ್ತೇನೆ. ಮೂರು ನಾಲ್ಕು ತಿಂಗಳು ದುಡ್ಡಿನ ಸುದ್ದಿಯನ್ನೇ ಎತ್ತಬೇಡಿ. ಅವರ ಸಭೆಗೆ ಹೋಗಿ ನೆಲದ ಮೇಲೆ ಕೂತು ಕೇಳಿಸಿಕೊಳ್ಳಿ. ಬ್ಯಾನರ್ ಬೇಡ. ಗುಂಪು ಇಲ್ಲದಿದ್ದರೆ ಕಟ್ಟಿಕೊಳ್ಳಲು ಬಿಡಿ. ಜೇನುಕುರುಬರ ಚಿಕ್ಕ ಹಾಡಿಗಳಲ್ಲಿ ಹತ್ತು ಜನರೇ ಸೇರಬೇಕೆಂದಿಲ್ಲ, ಐದು ಜನ ಸಾಕು. ಗುಂಪು ಗಟ್ಟಿಯಾದ ಮೇಲೆ ದೊಡ್ಡ ಪಾಲನ್ನು ಕಂತುಗಳಲ್ಲಿ ಅವರ ಖಾತೆಗೇ ಹಾಕಿ, ಅದು ಅವರೊಳಗೇ ಸಾಲವಾಗಿ ಸುತ್ತಲಿ. ಬಡ್ಡಿ ಎಷ್ಟು, ಯಾರಿಗೆ ಮೊದಲು ಅನ್ನುವುದು ಅವರ ತೀರ್ಮಾನ. ಪಾಸ್‌ಬುಕ್ಕು ನಿಮ್ಮ ಖಜಾಂಚಿಯ ಬೀರುವಿನಲ್ಲಿದ್ದರೆ ಅದು ಅವರ ಜೀವನೋಪಾಯವಲ್ಲ, ನಿಮ್ಮ ಹವ್ಯಾಸ. ಮಿಕ್ಕ ಹಣದಲ್ಲಿ ಹಾಡಿಯ ಓದಿದ ಹುಡುಗನಿಗೋ ಹುಡುಗಿಗೋ ಗೌರವಧನ ಮತ್ತು ಬಸ್ ಚಾರ್ಜು ಕೊಡಿ. ಪಹಣಿ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ ಅಂತ ತಾಲ್ಲೂಕು ಕಚೇರಿ ಅಲೆಯಲು ಒಬ್ಬರು ಬೇಕು. ಕೂಲಿಗೆ ಹೋಗುವವರು ಅಲೆದರೆ ಅವತ್ತಿನ ಕೂಲಿ ಹೋಯಿತು. ಫೋಟೊಗೆ ನಿಲ್ಲುವಂಥ ಕೆಲಸವಲ್ಲ, ಗೊತ್ತು.

ಎರಡು ವರ್ಷ ಕಳೆದ ಮೇಲೆ ಅವರಲ್ಲೇ ಯಾರೋ ಒಬ್ಬಳು ‘ನಂಗೊಂದು ಮಿಸೀನು ಬೇಕು’ ಅಂದರೆ, ಗುಂಪಿನಿಂದ ಸಾಲ ತೆಗೆದು ಕೊಳ್ಳುತ್ತಾಳೆ. ಆ ಮಷಿನ್ ಮೇಲೆ ಕೋಳಿ ಕೂರುವುದಿಲ್ಲ.

ಪ್ರಶ್ನೆ: ಜೇನುಕುರುಬರಿಗೆ ಜೇನು ಸಾಕಣೆ ತರಬೇತಿ ಕೊಡಿಸಬಹುದೇ? (ಹುಣಸೂರು)

ಮೀನಿಗೆ ಈಜು ಕಲಿಸಲು ಹೊರಟಿದ್ದೀರಿ. ಅವರಿಗೆ ಬೇಕಿರುವುದು ಕಾಡಿಗೆ ಹೋಗಿ ಜೇನು ತರುವ ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಮಾಲಿಕತ್ವ ಸ್ಪಷ್ಟವಾಗಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕುಪತ್ರ ಪಡೆದರು. ತರಬೇತಿಯ ದುಡ್ಡನ್ನು ಈ ಹಕ್ಕಿಗಾಗಿ ಗ್ರಾಮಸಭೆಯ ಅರ್ಜಿ ಕೆಲಸಕ್ಕೆ ಕೊಡಿ.

ಪ್ರಶ್ನೆ: ಬೈಲಕುಪ್ಪೆಯ ಟಿಬೆಟನ್ನರಿಗೆ ಸರ್ಕಾರ ತಿಂಗಳು ತಿಂಗಳು ಸಂಬಳ ಕೊಡುತ್ತದಂತೆ, ನಿಜವೇ? (ಪಿರಿಯಾಪಟ್ಟಣ)

ಇಲ್ಲ. ಆ ವಾಟ್ಸಾಪ್ ಗುಂಪಿನಿಂದ ಹೊರಗೆ ಬನ್ನಿ.

ಪ್ರಶ್ನೆ: ನಿರಾಶ್ರಿತರಾಗಿ ಬಂದ ಟಿಬೆಟನ್ನರು ಅಷ್ಟು ಮುಂದೆ ಬಂದರು. ನಮ್ಮ ಹಾಡಿಯವರಿಗೆ ಯಾಕೆ ಆಗುವುದಿಲ್ಲ? (ಮಂಡ್ಯ)

ಪ್ರಶ್ನೆಯಲ್ಲೇ ಒಂದು ಬೈಗುಳ ಅಡಗಿದೆ, ಆದರೂ ಹೇಳುತ್ತೇನೆ. 1960ರ ಸುಮಾರಿಗೆ ಆಗಿನ ಮೈಸೂರು ಸರ್ಕಾರ ಅವರಿಗೆ ಹತ್ತಿರಹತ್ತಿರ 3,000 ಎಕರೆ ಕೊಟ್ಟಿತು. ಅದೂ ಸುಲಭವಿರಲಿಲ್ಲ. ಡೇರೆಯಲ್ಲಿ ವಾಸ, ಕಾಡು ಕಡಿಯುವ ಕೆಲಸ, ಆನೆ ಕಾಟ, ರೋಗರುಜಿನ. ಆದರೆ ಒಟ್ಟಿಗೆ ಒಂದೇ ಕಡೆ, ತಮ್ಮ ಮುಖಂಡರ ಜತೆ ನೆಲೆ ನಿಂತರು, ಹೊರದೇಶದ ನೆರವೂ ಬಂತು. ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು ಟ್ರ್ಯಾಕ್ಟರು, ಗೊಬ್ಬರ, ಜೋಳದ ಮಾರಾಟ ಎಲ್ಲ ಅದರ ಮೂಲಕ ಮಾಡಿದರು. ಚಳಿಗಾಲಕ್ಕೆ ಊರೂರಿನಲ್ಲಿ ಟಿಬೆಟನ್ನರು ಮಾರುವ ಸ್ವೆಟರ್ ನೋಡಿದ್ದೀರಲ್ಲ, ಅದರಲ್ಲಿ ಬಹುಪಾಲು ಲುಧಿಯಾನದಿಂದ ಬಂದದ್ದು. ಅವರೇ ಹೆಣೆದದ್ದು ಅಂತ ಇನ್ನೂ ನಂಬಿರುವವರಿದ್ದಾರೆ. ಲುಧಿಯಾನದ ವ್ಯಾಪಾರಿಗಳು ಉದ್ದರಿ ಕೊಡುತ್ತಾರೆ, ಸೀಸನ್ ಮುಗಿದ ಮೇಲೆ ಇವರು ಬಾಕಿ ಕಟ್ಟುತ್ತಾರೆ. ವರ್ಷಗಟ್ಟಲೆ ಗಳಿಸಿದ ಆ ಉದ್ದರಿಯೇ ಅವರ ಬಂಡವಾಳ. ನಿಮ್ಮ ಹಾಡಿಯವರಿಗೆ ಉದ್ದರಿ ಕೊಡುವವನು ಯಾರು, ಮೇಲೆ ಬರೆದಿದ್ದೇನೆ.

ಪ್ರಶ್ನೆ: ವಿಶ್ವಸಂಸ್ಥೆಯ ನಿರಾಶ್ರಿತರ ಯೋಜನೆ ಮಂಜೂರು ಮಾಡಿಸಿಕೊಡುತ್ತೇನೆಂದು ಒಬ್ಬರು ‘ಪ್ರಾಜೆಕ್ಟ್ ರಿಪೋರ್ಟ್’ಗೆ 35 ಸಾವಿರ ಕೇಳುತ್ತಿದ್ದಾರೆ. ಕೊಡಬಹುದೇ? (ನಂಜನಗೂಡು)

ಒಂದು ರೂಪಾಯಿಯೂ ಕೊಡಬೇಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಟಿಬೆಟನ್ನರ ವಿಷಯ ನೋಡುವುದು ನಮ್ಮ ಸರ್ಕಾರವೇ. ನಮ್ಮದೇ ಕಾಡಿನಿಂದ, ಅಣೆಕಟ್ಟೆಯಿಂದ ಎದ್ದು ಬಂದವರು ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರೇ ಅಲ್ಲ. ಅದೂ ಅಲ್ಲದೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ನಿಮ್ಮ ಸಂಘ ವಿದೇಶಿ ದುಡ್ಡು ಮುಟ್ಟುವ ಹಾಗಿಲ್ಲ. ಆ ಮನುಷ್ಯನಿಗೆ ಇಷ್ಟು ಹೇಳಿ ನೋಡಿ, ಮರುದಿನ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಬೈಬ್ಯಾಕ್ ಗ್ಯಾರಂಟಿ ಇರುವ ಹಕ್ಕಿ ಸಾಕಣೆ ಹೇಗೆ? (ಎಚ್.ಡಿ. ಕೋಟೆ)

ಇಂಥದೇ ಮಾತು ನಂಬಿ ಎಮು ಸಾಕಿ ಕೈಸುಟ್ಟುಕೊಂಡವರು ಮರೆತುಹೋದರೇ?

ಪ್ರಶ್ನೆ: ನಾವು ಮಷಿನ್‌ಗಳನ್ನು ಆಗಲೇ ಕೊಂಡುಬಿಟ್ಟಿದ್ದೇವಲ್ಲ, ಈಗೇನು ಮಾಡುವುದು? (ವಿಜಯನಗರ, ಮೈಸೂರು)

ಬಿಲ್ ಇಟ್ಟುಕೊಂಡಿದ್ದೀರಾ? ಪೆಟ್ಟಿಗೆ ಒಡೆಯದಿದ್ದರೆ ಅಂಗಡಿಯವರು ಸ್ವಲ್ಪ ಮುರಿದುಕೊಂಡು ವಾಪಸು ತೆಗೆದುಕೊಳ್ಳುತ್ತಾರೆ. ಸೋಮವಾರ ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಓನರ್ ಇರುವುದಿಲ್ಲ.