ಕಾಡಿನ ದುಡ್ಡು ನಿಂತರೆ ಶಾಲೆ ಮುಚ್ಚುತ್ತಾ? ಒರೆಗಾನ್‌ಗೆ ಟೀಚರ್ ಆಗಿ ಬರುವವರಿಗೆ

ನಿಮ್ಮ ತಂಗಿಗೆ ಅಮೆರಿಕದ ಒರೆಗಾನ್ ರಾಜ್ಯದ ದಕ್ಷಿಣದ ಒಂದು ಸಣ್ಣ ಊರಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಇಂಟರ್‌ವ್ಯೂನಲ್ಲಿ ಯಾರೋ 'ಕಾಡಿನ ದುಡ್ಡು ಮುಂದೆ ಬರುತ್ತೋ ಇಲ್ವೋ' ಅಂದರಂತೆ. ಕಾಡಿಗೂ ಶಾಲೆಗೂ ಏನು ಸಂಬಂಧ, ಇದನ್ನು ನಂಬಿ ವೀಸಾ ಮಾಡಿಸಿಕೊಂಡು ಬರಬಹುದಾ ಅಂತ ಕೇಳಿದ್ದೀರಿ. ಬರಬಹುದು. ಆದರೆ ಆ ಮಾತು ಅವರ ಬಾಯಿಂದ ಸುಮ್ನೆ ಬಂದದ್ದಲ್ಲ. ನಾನು ಇರುವುದು ಇದೇ ಕಡೆ, ಮೆಡ್‌ಫರ್ಡ್ ಹತ್ತಿರ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಮ್ಮ ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಆ ಊರಲ್ಲಿ ಎಷ್ಟು ಕಂದಾಯ ವಸೂಲಾಯ್ತು ಅಂತ ಯಾರೂ ನೋಡುವುದಿಲ್ಲ. ಇಲ್ಲಿ ಶಾಲೆಯ ಖರ್ಚಿನ ಒಂದು ದೊಡ್ಡ ಪಾಲು, ಕೌಂಟಿಯ ರಸ್ತೆ, ಷೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಜೈಲು, ಲೈಬ್ರರಿ ಎಲ್ಲವೂ ಆಯಾ ಜಾಗದ ಮನೆ-ಜಮೀನಿನ ತೆರಿಗೆಯನ್ನು ನೆಚ್ಚಿಕೊಂಡಿವೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ. ಈಗ ಆ ಕೌಂಟಿಯಲ್ಲಿ ಮೂರರಲ್ಲಿ ಎರಡು ಪಾಲು ಜಮೀನು ಕೇಂದ್ರ ಸರ್ಕಾರದ ಕಾಡು ಅಂತಿಟ್ಟುಕೊಳ್ಳಿ. ಗ್ರಾಂಟ್ಸ್ ಪಾಸ್ ಇರುವ ಜೋಸೆಫೀನ್ ಕೌಂಟಿಯ ಕಥೆ ಹೆಚ್ಚುಕಮ್ಮಿ ಅದೇ. ವಾಷಿಂಗ್ಟನ್ ರಾಜ್ಯದ ಸ್ಕಮೇನಿಯಾ ಕೌಂಟಿಯಲ್ಲಂತೂ ಐದರಲ್ಲಿ ನಾಲ್ಕು ಪಾಲು ಕಾಡೇ. ಕೇಂದ್ರದ ಜಮೀನಿಗೆ ಕೌಂಟಿ ತೆರಿಗೆ ಹಾಕುವ ಹಾಗಿಲ್ಲ. ಆದರೆ ಆ ಕಾಡಿನೊಳಗೆ ಯಾರಾದರೂ ದಾರಿ ತಪ್ಪಿದರೆ ಹುಡುಕಲು ಹೋಗಬೇಕಾದದ್ದು ಕೌಂಟಿಯ ಷೆರಿಫೇ.

ಈ ತಕರಾರು ನೂರು ವರ್ಷಕ್ಕಿಂತ ಹಳೆಯದು. ಥಿಯೋಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದ ಕಾಲದಲ್ಲಿ ಪಶ್ಚಿಮದ ಬಹಳಷ್ಟು ಕಾಡನ್ನು ರಾಷ್ಟ್ರೀಯ ಅರಣ್ಯ ಅಂತ ಕಾಯ್ದಿಟ್ಟಾಗ ಸ್ಥಳೀಯರು ಗಲಾಟೆ ಮಾಡಿದರು. ಸಮಾಧಾನಕ್ಕೆ 1908ರಲ್ಲಿ ಒಂದು ಕಾನೂನು ಬಂತು. ಕಾಡಿನಿಂದ ಬರುವ ಆದಾಯದಲ್ಲಿ ಶೇ. 25ರಷ್ಟು ಆ ಕೌಂಟಿಗಳ ಶಾಲೆ ಮತ್ತು ರಸ್ತೆಗೆ ಹೋಗಬೇಕು. ಆದಾಯ ಅಂದರೆ ಮುಖ್ಯವಾಗಿ ಮರದ ಹರಾಜು. ಅಂದರೆ ಮರ ಕಡಿದಷ್ಟೂ ಶಾಲೆಗೆ ದುಡ್ಡು. ನನ್ನ ಪ್ರಕಾರ ಎಡವಟ್ಟು ಶುರುವಾಗಿದ್ದೇ ಇಲ್ಲಿ.

ಒರೆಗಾನ್‌ಗೆ ಇನ್ನೊಂದು ಗಂಟು ಬೇರೆ ಇದೆ. ರೋಸ್‌ಬರ್ಗ್ ಅಥವಾ ಗ್ರಾಂಟ್ಸ್ ಪಾಸ್ ಸುತ್ತಮುತ್ತಲಿನ ಸ್ಯಾಟಲೈಟ್ ಮ್ಯಾಪ್ ತೆರೆದು ನೋಡಿ. ಬೆಟ್ಟದ ಮೇಲೆ ಯಾರೋ ಚದುರಂಗದ ಮಣೆ ಬರೆದ ಹಾಗೆ, ಒಂದು ಚೌಕ ದಟ್ಟ ಹಸಿರು, ಪಕ್ಕದ್ದು ಬೋಳು ಅಥವಾ ಎಳೆ ಗಿಡಗಳು. ಒಂದೊಂದು ಚೌಕ ಒಂದು ಚದರ ಮೈಲಿ. 1866ರಲ್ಲಿ ರೈಲು ಹಳಿ ಹಾಕುವುದಕ್ಕೆ ಅಂತ ಕೇಂದ್ರ ಸರ್ಕಾರ ಒಂದು ಬಿಟ್ಟು ಒಂದು ಚೌಕವನ್ನು ರೈಲ್ವೆ ಕಂಪನಿಗೆ ಕೊಟ್ಟಿತು. ಆಮೇಲೆ ಒಂದು ಷರತ್ತೂ ಸೇರಿತು: ಒಬ್ಬೊಬ್ಬ ರೈತನಿಗೆ 160 ಎಕರೆಗಿಂತ ಜಾಸ್ತಿ ಮಾರಬಾರದು, ಎಕರೆಗೆ ಎರಡೂವರೆ ಡಾಲರ್‌ಗಿಂತ ಜಾಸ್ತಿ ತೆಗೆದುಕೊಳ್ಳಬಾರದು. ಕಂಪನಿ ಷರತ್ತು ಗಾಳಿಗೆ ತೂರಿತು, ದೊಡ್ಡ ದೊಡ್ಡ ತುಂಡುಗಳನ್ನು ಮರದ ವ್ಯಾಪಾರಿಗಳಿಗೆ ಮಾರಿತು. 1916ರಲ್ಲಿ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಉಳಿದ ಜಮೀನನ್ನು ವಾಪಸ್ ಕಿತ್ತುಕೊಂಡಿತು. ಅಲ್ಲಿಯವರೆಗೆ ರೈಲ್ವೆ ಕಂಪನಿಯ ಜಮೀನು ಅಂತ ಕೌಂಟಿಗೆ ತೆರಿಗೆ ಬರಬೇಕಿತ್ತು, ಈಗ ಅದೂ ಹೋಯ್ತು. ಕೊನೆಗೆ 1937ರ ಕಾನೂನಿನ ಪ್ರಕಾರ ಇಲ್ಲಿನ ಮರದ ಆದಾಯದಲ್ಲಿ ಅರ್ಧಕ್ಕೂ ಕಡಿಮೆ ಇಲ್ಲದ ಪಾಲು ಪಶ್ಚಿಮ ಒರೆಗಾನ್‌ನ 18 ಕೌಂಟಿಗಳಿಗೆ ಅಂತ ಆಯ್ತು.

ಅರವತ್ತು, ಎಪ್ಪತ್ತು, ಎಂಬತ್ತರ ದಶಕದಲ್ಲಿ ಈ ಊರುಗಳಿಗೆ ಸುಗ್ಗಿಯೋ ಸುಗ್ಗಿ. ಮರದ ದುಡ್ಡು ಎಷ್ಟು ಬರುತ್ತಿತ್ತು ಅಂದರೆ ಕೌಂಟಿಗಳು ತೆರಿಗೆ ಏರಿಸುವ ಗೋಜಿಗೇ ಹೋಗಲಿಲ್ಲ. 1990ರಲ್ಲಿ ಚುಕ್ಕಿ ಗೂಬೆಯನ್ನು ಅಳಿವಿನ ಭೀತಿ ಇರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅದು ಬದುಕುವುದು ಹಳೇ ಮರಗಳ ಕಾಡಿನಲ್ಲಿ. 1991ರಲ್ಲಿ ಕೋರ್ಟ್ ಹರಾಜು ತಡೆಯಿತು, 1994ರಲ್ಲಿ ಕ್ಲಿಂಟನ್ ಸರ್ಕಾರದ ಹೊಸ ಅರಣ್ಯ ಯೋಜನೆ ಬಂತು. ದೇಶದ ರಾಷ್ಟ್ರೀಯ ಅರಣ್ಯಗಳಲ್ಲಿ ಎಂಬತ್ತರ ದಶಕದ ಕೊನೆಗೆ ವರ್ಷಕ್ಕೆ 1200 ಕೋಟಿ ಬೋರ್ಡ್ ಫೂಟ್ (ಇಲ್ಲಿ ಮರ ಅಳೆಯುವ ಲೆಕ್ಕ) ಆಸುಪಾಸು ಇದ್ದ ಕಟಾವು ಹತ್ತು-ಹನ್ನೆರಡು ವರ್ಷದಲ್ಲಿ 200 ಕೋಟಿಯ ಸುತ್ತ ಬಂದು ನಿಂತಿತು. ಊರವರು ಗೂಬೆಯ ಮೇಲೇ ಗೂಬೆ ಕೂರಿಸಿದರು. ಅದೊಂದೇ ಕಾರಣ ಅಲ್ಲ ಬಿಡಿ. ದೊಡ್ಡ ಮರಗಳು ಆಗಲೇ ಮುಗಿಯುತ್ತಾ ಬಂದಿದ್ದವು, ಮಿಲ್‌ಗಳಲ್ಲಿ ಯಂತ್ರ ಬಂದು ಆಳು ಕಡಿಮೆಯಾಗಿದ್ದರು. ಇಲ್ಲಿನ ಹಳೇ ಮಿಲ್ ಕೆಲಸಗಾರರ ಮುಂದೆ ಇದನ್ನು ಹೇಳಿ ನೋಡಿ, ಮಾತೇ ಬಿಟ್ಟುಬಿಡುತ್ತಾರೆ.

ಆಗ ಬಂದದ್ದೇ ನಿಮ್ಮ ತಂಗಿಗೆ ಹೇಳಿದ ದುಡ್ಡು. 2000ದಲ್ಲಿ ಒರೆಗಾನ್‌ನ ಡೆಮಾಕ್ರಾಟ್ ರಾನ್ ವೈಡನ್, ಪಕ್ಕದ ಐಡಹೋ ರಾಜ್ಯದ ರಿಪಬ್ಲಿಕನ್ ಲ್ಯಾರಿ ಕ್ರೇಗ್ ಅನ್ನುವ ಇಬ್ಬರು ಸೆನೆಟರುಗಳು ಸೇರಿ ಮಾಡಿಸಿದ ಕಾನೂನು, 'ಸೆಕ್ಯೂರ್ ರೂರಲ್ ಸ್ಕೂಲ್ಸ್'. ಈಗ ಎಷ್ಟು ಕಡಿದಿರಿ ಅಂತ ಕೇಳುವುದಿಲ್ಲ, ಹಿಂದೆ ಚೆನ್ನಾಗಿ ಬರುತ್ತಿದ್ದ ವರ್ಷಗಳ ಲೆಕ್ಕ ಹಿಡಿದು ಕೇಂದ್ರ ಸರ್ಕಾರವೇ ಕೊಡುತ್ತದೆ. ಹೆಚ್ಚು ಪಾಲು ಶಾಲೆ-ರಸ್ತೆಗೆ, ಒಂದಿಷ್ಟು ಕಾಡಿನ ಕೆಲಸಕ್ಕೆ, ಒಂದಿಷ್ಟು ಕಾಡ್ಗಿಚ್ಚಿನ ತಯಾರಿಗೆ. ಒಳ್ಳೆಯ ಕಾನೂನೇ. ಒಂದೇ ತೊಂದರೆ, ಅದಕ್ಕೆ ಕೊನೆಯ ತಾರೀಕು ಇತ್ತು.

ಮೊದಲ ಅವಧಿ 2006ಕ್ಕೆ ಮುಗಿಯಿತು. ಅಲ್ಲಿಂದ ಶುರುವಾಯ್ತು ನೋಡಿ ಪರದಾಟ. 2008ರಲ್ಲಿ ಬ್ಯಾಂಕುಗಳನ್ನು ಉಳಿಸುವ ಮಸೂದೆಯೊಳಗೆ ಇದನ್ನು ತೂರಿಸಿ ಮುಂದುವರಿಸಿದರು. 2013ರಲ್ಲಿ ಹೀಲಿಯಂ ಅನಿಲದ ದಾಸ್ತಾನಿನ ಮಸೂದೆಗೆ ಅಂಟಿಸಿದರು. ಹೌದು, ಬಲೂನಿಗೆ ತುಂಬುವ ಅದೇ ಹೀಲಿಯಂ! 2015ರಲ್ಲಿ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಡಾಕ್ಟರುಗಳ ಫೀಸಿನ ಮಸೂದೆಯಲ್ಲಿ ಸೇರಿಸಿದರು. ನಡುನಡುವೆ ಪೂರ್ತಿ ನಿಂತದ್ದೂ ಉಂಟು. ನಿಂತರೆ 1908ರ ಹಳೇ ಲೆಕ್ಕಕ್ಕೆ ವಾಪಸ್, ಅಂದರೆ ಪುಡಿಗಾಸು. 2023ರ ಹಣಕಾಸು ವರ್ಷಕ್ಕೆ ಮತ್ತೆ ಮುಗಿದು, 2025ರಲ್ಲಿ ಕೌಂಟಿಗಳ ಕೈಗೆ ಆ ಹಳೇ ಲೆಕ್ಕದ ದುಡ್ಡಷ್ಟೇ ಬಂತು. 2025ರ ಡಿಸೆಂಬರ್‌ನಲ್ಲಿ ಬಾಕಿ ಸಮೇತ ಮತ್ತೆ ಜೀವ ಕೊಟ್ಟರು, ಅದೂ 2026ರ ಹಣಕಾಸು ವರ್ಷದವರೆಗೆ ಮಾತ್ರ.

ನಿಂತಾಗ ಏನಾಗುತ್ತದೆ ಅಂತ ಕೇಳಿದರೆ ಈ ಕಡೆಯವರು ಎರಡು ವಿಷಯ ಹೇಳುತ್ತಾರೆ. 2007ರ ಏಪ್ರಿಲ್‌ನಲ್ಲಿ ಮೆಡ್‌ಫರ್ಡ್ ಇರುವ ಜ್ಯಾಕ್‌ಸನ್ ಕೌಂಟಿ ತನ್ನ 15 ಲೈಬ್ರರಿಗಳನ್ನೂ ಒಂದೇ ಸಲ ಮುಚ್ಚಿತು. ಅದಕ್ಕೆ ಮುಂಚೆ ಜನ ಮತ ಹಾಕಿ ಕಟ್ಟಿಸಿಕೊಂಡಿದ್ದ ಹೊಸ ಕಟ್ಟಡಗಳೂ ಅದರಲ್ಲಿದ್ದವು. ಅಕ್ಟೋಬರ್‌ನಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟು, ಸಮಯ ಕಡಿತ ಮಾಡಿ ತೆರೆದರು. ಇನ್ನೊಂದು, 2012ರಲ್ಲಿ ಜೋಸೆಫೀನ್ ಕೌಂಟಿ ಷೆರಿಫ್ ಸಿಬ್ಬಂದಿಯಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿತು. ಆ ಆಗಸ್ಟ್‌ನ ಒಂದು ವಾರಾಂತ್ಯ ಒಬ್ಬ ಹೆಂಗಸು ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿ, ಹಿಂದೆ ತನಗೆ ಹೊಡೆದಿದ್ದವನು ಬಾಗಿಲು ಒಡೆಯುತ್ತಿದ್ದಾನೆ ಅಂದರೆ, ಕಳಿಸುವುದಕ್ಕೆ ಯಾರೂ ಇಲ್ಲ ಅನ್ನುವ ಉತ್ತರ ಸಿಕ್ಕಿತು. ಇಷ್ಟಾದರೂ ಮುಂದಿನ ವರ್ಷಗಳಲ್ಲಿ ತೆರಿಗೆ ಏರಿಸುವ ಪ್ರಸ್ತಾಪಗಳನ್ನು ಜನ ಒಂದಾದ ಮೇಲೊಂದು ಸೋಲಿಸಿದರು. ಆಗ ಅಲ್ಲಿನ ಕೌಂಟಿ ತೆರಿಗೆ ಸಾವಿರ ಡಾಲರ್ ಬೆಲೆಯ ಆಸ್ತಿಗೆ 59 ಸೆಂಟ್ ಅಷ್ಟೇ, ಒರೆಗಾನ್‌ನಲ್ಲೇ ಅತಿ ಕಡಿಮೆಯವುಗಳಲ್ಲಿ ಒಂದು. ಹಾಗಾಗಿ ತಪ್ಪೆಲ್ಲ ಕೇಂದ್ರ ಸರ್ಕಾರದ್ದು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಮರ ಕಡಿದರೆ ತಾನೇ ಶಾಲೆಗೆ ದುಡ್ಡು ಅನ್ನುವ ಹಳೇ ದಾರಿಗೆ ವಾಪಸ್ ಹೋಗಬೇಕು ಅನ್ನುವವರನ್ನೂ ಒಪ್ಪುವುದಿಲ್ಲ. ಒಂದು ಇಡಿಗಂಟು ಇಟ್ಟು ಅದರ ಬಡ್ಡಿಯಲ್ಲಿ ಕೊಡೋಣ ಅನ್ನುವ ಪ್ರಸ್ತಾಪ ಎರಡೂ ಪಕ್ಷದವರಿಂದ ಬಂದಿತ್ತು. ನನಗೆ ಅದೇ ಸರಿ ಅನಿಸುತ್ತದೆ, ಆದರೆ ಆಗಲಿಲ್ಲ.

ಇನ್ನು ನಿಮ್ಮ ತಂಗಿಯ ವಿಷಯ. ಒರೆಗಾನ್‌ನಲ್ಲಿ ಶಾಲೆಯ ಪಾಲಿಗೆ ಬರುವ ಕಾಡಿನ ದುಡ್ಡನ್ನು ರಾಜ್ಯ ತನ್ನ ಹಂಚಿಕೆಯ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತದೆ. ಅಂದರೆ ನಿಂತರೂ ಪೆಟ್ಟು ಆ ಒಂದು ಶಾಲೆಗೇ ನೇರ ಬೀಳುವುದಿಲ್ಲ, ರಾಜ್ಯದ ಎಲ್ಲ ಶಾಲೆಗಳಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ನೇರ ಪೆಟ್ಟು ತಿನ್ನುವುದು ರಸ್ತೆ ಮತ್ತು ಷೆರಿಫ್. ಐಡಹೋದಲ್ಲಾದರೆ ಶೇ. 30 ಶಾಲೆಗೆ ಅಂತ ಬರುತ್ತದೆ, ಅಲ್ಲಿನ ಕೆಲಸ ಆಗಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ.

ಆದರೂ ಸಹಿ ಹಾಕುವ ಮೊದಲು ಅವಳ ಸಂಬಳ ಯಾವ ನಿಧಿಯಿಂದ ಬರುತ್ತದೆ ಅಂತ ಕೇಳಲಿ. ಮಾಮೂಲಿ ಜನರಲ್ ಫಂಡ್ ಆದರೆ ಒಳ್ಳೆಯದು, ಒಂದು ವರ್ಷದ ಗ್ರಾಂಟ್ ಆದರೆ ಯೋಚಿಸಬೇಕು. ಇಲ್ಲಿ ಟೀಚರುಗಳಿಗೆ ಮುಂದಿನ ವರ್ಷ ಕೆಲಸ ಇದೆಯಾ ಇಲ್ಲವಾ ಅಂತ ಮಾರ್ಚ್ 15ರೊಳಗೆ ತಿಳಿಸಬೇಕು, ಶಾಲೆಯ ಬಜೆಟ್ ಪಾಸ್ ಆಗುವುದು ಜೂನ್‌ನಲ್ಲಿ, ಜನ ಕಡಿತ ಮಾಡುವಾಗ ಸಾಮಾನ್ಯವಾಗಿ ಹೊಸಬರೇ ಮೊದಲು. ವೀಸಾ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಇದು ಅವಳಿಗೆ ಬೇರೆಯವರಿಗಿಂತ ಮುಖ್ಯ. ಬಜೆಟ್ ಸಭೆಯ ಕಾಗದಗಳನ್ನು ಯಾರು ಬೇಕಾದರೂ ನೋಡಬಹುದು, ಹೋದ ಎರಡು ಮೂರು ವರ್ಷದ್ದನ್ನು ತೆಗೆದು ಓದಲಿ. ಮತ್ತೆ ವಾರಕ್ಕೆ ನಾಲ್ಕೇ ದಿನ ಶಾಲೆ ಅಂತ ಕಂಡರೆ ಗಾಬರಿಯಾಗಬೇಡಿ, ಇಲ್ಲಿನ ಎಷ್ಟೋ ಹಳ್ಳಿ ಶಾಲೆಗಳಲ್ಲಿ ಹಾಗೇ ಇದೆ. ಮನೆ ಮಾತ್ರ ಶಾಲೆಗೆ ಹತ್ತಿರವೇ ನೋಡಿಕೊಳ್ಳಲಿ. ಚಳಿಗಾಲದಲ್ಲಿ ಕೌಂಟಿ ರಸ್ತೆಯ ಹಿಮ ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅನ್ನುವುದು ಆ ವರ್ಷ ದುಡ್ಡು ಬಂತಾ ಇಲ್ವಾ ಅನ್ನುವುದರ ಮೇಲಿರುತ್ತದೆ.