ಸಮನ್ಸ್ ವಾಪಸ್ ಕಳಿಸಿದರೆ ಕೇಸ್ ನಿಲ್ಲುವುದಿಲ್ಲ

ಡೈವೋರ್ಸ್ ಕೇಸಿನ ಸಮನ್ಸ್ ಬಂದರೆ ತೆಗೆದುಕೊಳ್ಳದೆ ವಾಪಸ್ ಕಳಿಸುವವರು ನಮ್ಮ ಕಡೆ ಈಗಲೂ ಬಹಳ. 'ತಗೊಂಡ್ರ ಒಪ್ಪಿದಂಗ' ಅನ್ನುವ ಮಾತನ್ನು ಹಿರಿಯರೇ ಹೇಳಿಕೊಡುತ್ತಾರೆ. ಇದರಿಂದ ಹೆಣ್ಣುಮಕ್ಕಳಿಗೆ ಆಗುವ ನಷ್ಟ ನೋಡಿ ಸಂಕಟವಾಗುತ್ತದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಯ ತವರು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ, ಗಂಡನ ಮನೆ ಬೆಳಗಾವಿ. ಬಾಣಂತನಕ್ಕೆ ಬಂದವಳನ್ನು ಮರಳಿ ಕರೆದೊಯ್ಯಲು ಯಾರೂ ಬರಲಿಲ್ಲ. ಕೂಸಿಗೆ ಎರಡು ವರ್ಷ ದಾಟಿದ ಮೇಲೆ ಬೆಳಗಾವಿಯ ಕೌಟುಂಬಿಕ ನ್ಯಾಯಾಲಯದಿಂದ ಸಮನ್ಸ್ ಬಂತು. ಮನೆಯವರು ತೆಗೆದುಕೊಳ್ಳಲಿಲ್ಲ.

ಅಣ್ಣನ ಜೊತೆ ನನ್ನ ಹತ್ತಿರ ಬಂದಿದ್ದಳು. ಮಾತೆಲ್ಲ ಅಣ್ಣನದೇ. "ನಾವು ಸಹಿ ಮಾಡ್ಲಿಲ್ಲಂದ್ರ ಅವ್ರಿಗೆ ಡೈವೋರ್ಸ್ ಹೆಂಗ ಸಿಗ್ತೈತ್ರಿ? ಹಿರ್ಯಾರನ್ನ ಕೂಡಿಸಿ ಬಗಿಹರಿಸ್ತೀವಿ."

ನಾನು ಆಕೆಯ ಕಡೆ ತಿರುಗಿ ಕೇಳಿದೆ. "ಅರ್ಜ್ಯಾಗ ನಿನ್ನ ಬಗ್ಗೆ ಏನ್ ಬರ್ದಾರ, ಗೊತ್ತೈತೇನವಾ?"

"ನಾನಾಗೇ ಮನಿ ಬಿಟ್ಟು ಬಂದೀನಂತ ಬರ್ದಾರಂತ್ರಿ, ಸಂಬಂಧಿಕರು ಹೇಳಿದ್ರು. ಸುಳ್ಳರಿ ಅದು."

"ಸುಳ್ಳಂತ ಜಡ್ಜರಿಗೆ ಯಾರು ಹೇಳಬೇಕು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೊಬೈಲ್ ತೆಗೆದು ಗಂಡನಿಗೆ ಕಳಿಸಿದ ಮೆಸೇಜುಗಳನ್ನು ತೋರಿಸಿದಳು. 'ಕೂಸಿನ ಜವಳ ಇಟ್ಟೀವಿ, ಬರ್ರಿ.' 'ಯಾವಾಗ ಕರಕೊಂಡು ಹೋಗ್ತೀರಿ?' ಎಲ್ಲದಕ್ಕೂ ನೀಲಿ ಟಿಕ್ ಬಿದ್ದಿತ್ತು, ಉತ್ತರ ಮಾತ್ರ ಇರಲಿಲ್ಲ. "ನೋಡಿ ನೋಡಿ ಅಳ್ತೀನಂತ ಅಣ್ಣ ಇವನ್ನ ಅಳಸು ಅಂತಾನ್ರಿ" ಅಂದಳು.

ಹಿಂದೂ ವಿವಾಹ ಕಾಯ್ದೆ, 1955ರ 13ನೇ ಕಲಂ ಪ್ರಕಾರ, ಸರಿಯಾದ ಕಾರಣವಿಲ್ಲದೆ ಸತತ ಎರಡು ವರ್ಷ ಬಿಟ್ಟುಹೋಗಿರುವುದು ವಿಚ್ಛೇದನಕ್ಕೆ ಒಂದು ಆಧಾರ. ಗಂಡನ ಕೇಸ್ ನಿಂತಿರುವುದೇ ಅದರ ಮೇಲೆ. ಸಮನ್ಸ್ ನಿರಾಕರಿಸಿದರೆ ಕೋರ್ಟು ಅದನ್ನು ತಲುಪಿದಂತೆಯೇ ಎಣಿಸಬಹುದು. ಆಕೆ ಹೋಗದಿದ್ದರೆ ಒಂದೇ ಕಡೆಯ ಮಾತು ಕೇಳಿ ತೀರ್ಪು ಬರುತ್ತದೆ, ಆ ಮೆಸೇಜುಗಳನ್ನು ಯಾರೂ ನೋಡುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳಿದೆ. ಆಗ ಆಕೆ ಮೊದಲ ಸಲ ಅಣ್ಣನಿಗೆ ಎದುರಾಗಿ ಮಾತಾಡಿದಳು. "ಅಣ್ಣಾ, ನನ್ನ ಹೆಸರಿಗೆ ಬಂದದ್ದು ನಾನ ತಗೋತೀನಿ."

ಮನೆ ಕೂಡಿಸೋದು ಬಿಟ್ಟು ಕೋರ್ಟಿಗೆ ಕಳಿಸ್ತೀರಿ ಅಂತ ನನ್ನನ್ನು ದೂರುವವರಿದ್ದಾರೆ. ಕೂಡಿ ಬಾಳುವ ಆಸೆ ಇದ್ದವರು ಮೊದಲು ಹೋಗಬೇಕಾದದ್ದೇ ಅಲ್ಲಿಗೆ. ಸಾಧ್ಯವಿದ್ದರೆ ರಾಜಿಗೆ ಮೊದಲು ಪ್ರಯತ್ನಿಸಬೇಕು ಎಂದು 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯೇ ಹೇಳುತ್ತದೆ. ಬಾರದೇ ಇದ್ದವರ ಜೊತೆ ರಾಜಿ ಮಾಡಿಸುವುದು ಹೇಗೆ? ಉತ್ತರ ಕೊಡುವುದು ಅಂದರೆ ಬಿಡುಗಡೆಗೆ ಒಪ್ಪುವುದಲ್ಲ. ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲೇ ಬೇರೆ 13ಬಿ ಕಲಂ ಇದೆ, ಅದಕ್ಕೆ ಇಬ್ಬರೂ ಸೇರಿ ಅರ್ಜಿ ಹಾಕಬೇಕು.

ಮೆಸೇಜು ಒಂದನ್ನೂ ಅಳಿಸಬೇಡ ಎಂದೆ. ಹಿರಿಯರ ಮುಂದೆ ಬಾಂಡಿನ ಮೇಲೆ ಸೋಡಚೀಟಿ (ಬಿಡುಗಡೆ ಪತ್ರ) ಬರೆಸಿದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡ ಎಂದೆ. ವಕೀಲರ ಖರ್ಚಿಗೆ ಹೆದರಿದ್ದಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಸಹಾಯವಾಣಿ 15100. ಕೇಸ್ ನಡೆಯುವಾಗಲೇ ಜೀವನಾಂಶ ಮತ್ತು ಕೋರ್ಟ್ ಖರ್ಚನ್ನು ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಪ್ರಕಾರ ಕೇಳಬಹುದು. ಕೂಸು ಎತ್ತಿಕೊಂಡು ಬೆಳಗಾವಿಗೆ ಓಡಾಡುವುದು ಕಷ್ಟವಾದರೆ ಕೇಸ್ ವರ್ಗಾಯಿಸಲು ಹೈಕೋರ್ಟಿನ ಧಾರವಾಡ ಪೀಠಕ್ಕೆ ಅರ್ಜಿ ಹಾಕಬಹುದು.

ಅಣ್ಣನಿಗೆ ಸಿಟ್ಟು ಇಳಿದಿರಲಿಲ್ಲ. ವರದಕ್ಷಿಣೆ ಕೇಸ್ ಜಡಿಯೋಣ ಅಂದ. ಆಕೆಯನ್ನು ಬೇರೆ ಕೂರಿಸಿಕೊಂಡು ಕೇಳಿದೆ, ಹೊಡೆತ ಬಡಿತ, ದುಡ್ಡಿನ ಕಾಟ ಏನಾದರೂ ಇತ್ತಾ ಅಂತ. ಇರಲಿಲ್ಲ. ಹಾಗಾದರೆ ಬೇಡ. ಒಂದು ಸುಳ್ಳು ಸೇರಿಸಿದರೆ ನಿಜವಾದ ಮೆಸೇಜಿನ ಮೇಲೂ ಅನುಮಾನ ಬರುತ್ತದೆ. ಹಿಂಸೆ ನಿಜವಾಗಿ ಇದ್ದವರು ಮುಚ್ಚಿಡಲೇಬಾರದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಆಕೆ ಈಗ ತಕರಾರು ಸಲ್ಲಿಸಿದ್ದಾಳೆ, ಕೇಸ್ ನಡೆದಿದೆ. ತಾರೀಖು ಆಗಲೇ ತಪ್ಪಿಸಿಕೊಂಡವರು ಕೂಡ ಸುಮ್ನೆ ಕೂರಬೇಡಿ. ತೀರ್ಪು ಬಂದಿಲ್ಲವಾದರೆ ಕಾರಣ ಹೇಳಿ ಕೇಸಿನಲ್ಲಿ ಸೇರಿಕೊಳ್ಳಲು ಕೇಳಬಹುದು. ಏಕಪಕ್ಷೀಯ ತೀರ್ಪು ಬಂದಿದ್ದರೂ ರದ್ದು ಕೋರಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಇರುವುದು 30 ದಿನ ಮಾತ್ರ. ಇಂದೇ ವಕೀಲರನ್ನು ನೋಡಿ.