ಕಬ್ಬಾಲದಲ್ಲಿ ಬುದ್ಧಿ ಬಲಿಯುವುದು ಅಂದರೆ ಏನು?

ತಿಳಿದದ್ದು ನಮ್ಮ ಭಾವಗಳನ್ನು ಆಳುವಷ್ಟು ಗಟ್ಟಿಯಾದಾಗ ಬುದ್ಧಿ ಬಲಿತಿದೆ ಎನ್ನುತ್ತದೆ ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲ.

ಇಂದಿನ ಇಸ್ರೇಲಿನ ಗಲಿಲಿ ಪ್ರದೇಶದ ಸಫೇದ್ ಊರಿನಲ್ಲಿ ಬೋಧಿಸಿದ ಐಸಾಕ್ ಲೂರಿಯಾ (1534–1572) ಬೆಳವಣಿಗೆಯ ಮೂರು ಹಂತ ಹೇಳಿದರು: ಗರ್ಭ, ಮೊಲೆಹಾಲಿನ ಕಾಲ, ಆಮೇಲೆ ‘ಮೋಖಿನ್’, ಅಂದರೆ ಬಲಿತ ಬುದ್ಧಿ. ಅವರ ಮಾತು ಮುಖ್ಯವಾಗಿ ದೈವೀ ಲೋಕಗಳ ಬಗ್ಗೆ. ಅದನ್ನು ಮನುಷ್ಯನ ಮನಸ್ಸಿಗೆ ಇಳಿಸಿದ್ದರಲ್ಲಿ 18ನೇ ಶತಮಾನದ ಹಸೀದಿ (ಯಹೂದಿ ಭಕ್ತಿ ಪಂಥದ) ಗುರುಗಳ ಪಾತ್ರ ದೊಡ್ಡದು.

ಅವರಲ್ಲಿ ಖಬಾದ್ ಪಂಥದ ಶ್ನೆಯೂರ್ ಝಲ್ಮನ್ ವಿವರಣೆ ನನಗೆ ತುಂಬ ಸ್ಪಷ್ಟ ಅನಿಸುತ್ತದೆ. ‘ಹೋಖ್ಮಾ’ ಥಟ್ಟನೆ ಬರುವ ಹೊಳಹು. ‘ಬೀನಾ’ ಅದನ್ನು ಬಿಡಿಸಿ ನೋಡುವ ವಿವೇಚನೆ. ‘ದಾತ್’ ಆ ವಿಷಯಕ್ಕೇ ಮನಸ್ಸನ್ನು ಬಿಡದೆ ಕಟ್ಟಿಹಾಕುವ ಶಕ್ತಿ. ಗುಟ್ಟೆಲ್ಲ ಈ ಮೂರನೆಯದರಲ್ಲಿದೆ. ಅದಿಲ್ಲದಿದ್ದರೆ ದೇವರ ಮಹಿಮೆ ಎಷ್ಟು ಅರ್ಥವಾದರೂ ನಿಜವಾದ ಪ್ರೀತಿ, ಭಕ್ತಿ ಹುಟ್ಟುವುದಿಲ್ಲ, ಬರೀ ಭ್ರಮೆ ಹುಟ್ಟುತ್ತದೆ ಎನ್ನುತ್ತಾರೆ ಅವರು. ಮಗು ಕ್ಷುಲ್ಲಕ ವಸ್ತುವಿಗೆ ಆಸೆಪಡುವುದು, ಸಣ್ಣದಕ್ಕೆಲ್ಲ ಸಿಟ್ಟಾಗುವುದು ಬುದ್ಧಿ ಎಳಸಾಗಿರುವುದರಿಂದ. ಬುದ್ಧಿ ಬೆಳೆದಂತೆ ಮಗು ಇಷ್ಟಪಡುವ ವಸ್ತುವಿನ ಬೆಲೆಯೂ ಏರುತ್ತದೆ.

ಒಮ್ಮೆ ಬಲಿತರೆ ಮುಗಿಯಿತು ಅಂತಲೂ ಅಲ್ಲ. ಲೂರಿಯಾ ಪರಂಪರೆಯ ಪ್ರಕಾರ ನಿದ್ದೆಯಲ್ಲಿ ಮೋಖಿನ್ ಹಿಂದೆ ಸರಿಯುತ್ತದೆ, ಪ್ರಾರ್ಥನೆಯಲ್ಲಿ ಮರಳುತ್ತದೆ.